‘ಇದುವರೆಗೆ ಯಾರೂ ಸಂಶೋಧನೆ ಮಾಡಿಲ್ಲ’ ಎಂದು ಬರೆಯುವ ಮುನ್ನ

ಪಿಎಚ್‌ಡಿ ಸಿನಾಪ್ಸಿಸ್‌ಗಳಲ್ಲಿ ಪದೇ ಪದೇ ಕಾಣುವ ಮಾತಿದು: ‘ಈ ವಿಷಯದ ಮೇಲೆ ಇದುವರೆಗೆ ಯಾರೂ ಸಂಶೋಧನೆ ಮಾಡಿಲ್ಲ.’ ಹೇಗೆ ಗೊತ್ತಾಯಿತು ಎಂದು ಕೇಳಿದರೆ ಬಹುಪಾಲು ಬರುವ ಉತ್ತರ, ‘ಗೂಗಲ್‌ನಲ್ಲಿ ಹುಡುಕಿದೆ, ಏನೂ ಸಿಗಲಿಲ್ಲ.’

ಗೂಗಲ್‌ನಲ್ಲಿ ಸಿಗದ್ದೆಲ್ಲ ಇಲ್ಲದ್ದಲ್ಲ. ಕನ್ನಡದ ಮಟ್ಟಿಗಂತೂ ಖಂಡಿತ ಅಲ್ಲ. ನಮ್ಮ ಪ್ರಬಂಧಗಳು ಎಷ್ಟೋ ವರ್ಷ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಆದವು. ಕಣ್ಣಿಗೆ ಅದು ಅಚ್ಚ ಕನ್ನಡ. ಕಂಪ್ಯೂಟರಿಗೆ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅಂಥ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿ ನೋಡಿ, ತಿಳಿಯುತ್ತದೆ. ಇನ್ನು ಕೆಲವು ಬರೀ ಸ್ಕ್ಯಾನ್ ಮಾಡಿದ ಪುಟಗಳು. ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ನಲ್ಲಿ ‘ಕೆಳದಿ ಅರಸರು’ ಎಂದು ಹುಡುಕಿದರೆ ಇವು ಬರುವುದಾದರೂ ಹೇಗೆ?

ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ, ದೇಶದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ನೇರವಾಗಿ ಹೋದರೆ ಕಥೆಯೇ ಬೇರೆ. ಅಲ್ಲಿ ವಿಶ್ವವಿದ್ಯಾಲಯ, ವಿಭಾಗ, ಮಾರ್ಗದರ್ಶಕರು, ಶೀರ್ಷಿಕೆ ಎಲ್ಲ ಪ್ರತ್ಯೇಕವಾಗಿ ದಾಖಲಾಗಿರುತ್ತವೆ. ಕನ್ನಡ ವಿಭಾಗವನ್ನು ತೆರೆದು ಇಡೀ ಪಟ್ಟಿಯ ಮೇಲೆ ಕಣ್ಣಾಡಿಸಬಹುದು. ಕನ್ನಡ ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಕೊಟ್ಟಿರುವುದೂ ಉಂಟು, ಹಾಗಾಗಿ ಎರಡೂ ರೀತಿಯಲ್ಲಿ ಹುಡುಕಬೇಕು. ಬೇಸರದ ಕೆಲಸ ನಿಜ. ಆದರೆ ಸಂಶೋಧನೆ ಶುರುವಾಗುವುದೇ ಇಲ್ಲಿಂದ.

ವಿದ್ವತ್ ಪತ್ರಿಕೆಗಳ ಲೇಖನಗಳನ್ನು ಕೂಡಿಟ್ಟಿರುವ ಜೆಸ್ಟೋರ್‌ನಂಥ ಡೇಟಾಬೇಸ್‌ಗಳಲ್ಲೂ ಅಷ್ಟೇ, ತಾಳ್ಮೆ ಬೇಕು. ಕೆಳದಿ ಎಂದಷ್ಟೇ ಹುಡುಕಿದರೆ ಸಾಲದು. ಆ ಅರಸರ ಮುಂದಿನ ರಾಜಧಾನಿಗಳಾದ ಇಕ್ಕೇರಿ, ಬಿದನೂರು, ಬಿದನೂರನ್ನೇ ಬ್ರಿಟಿಷರು ಬರೆಯುತ್ತಿದ್ದ ಬೆಡ್ನೋರ್ ಎಲ್ಲವನ್ನೂ ಸೇರಿಸಬೇಕು. 1872ರಲ್ಲಿ ಶುರುವಾದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಬ್ರಿಟಿಷ್ ಶಾಸನತಜ್ಞ ಫ್ಲೀಟ್ ಪ್ರಕಟಿಸಿದ ಶಾಸನಗಳು ಬೇಕೆಂದರೆ ಕನ್ನಡಕ್ಕಿದ್ದ ಹಳೆಯ ಇಂಗ್ಲಿಷ್ ಹೆಸರು ‘ಕೆನರೀಸ್’ ಎಂದೇ ಕೇಳಬೇಕು. ಡೇಟಾಬೇಸ್‌ನಲ್ಲಿ ಈ ಹೆಸರುಗಳನ್ನೆಲ್ಲ ಒಂದೇ ಹುಡುಕಾಟದಲ್ಲಿ ಜೋಡಿಸಿ, ಕಾಲಮಿತಿ ಹಾಕಿ, ಏನು ಹುಡುಕಿದಿರಿ ಎಂಬುದನ್ನು ಬರೆದಿಡಬಹುದು. ಬೇರೆಯವರು ಅದನ್ನೇ ಮತ್ತೆ ಮಾಡಿ ಪರೀಕ್ಷಿಸಬಹುದು. ಗೂಗಲ್ ನೀವಿರುವ ಊರು, ನಿಮ್ಮ ಭಾಷೆ ನೋಡಿಕೊಂಡು ಫಲಿತಾಂಶದ ಕ್ರಮವನ್ನೇ ಬದಲಿಸುತ್ತದೆ. ಅಂಥದ್ದನ್ನು ನಂಬಿ ‘ಯಾರೂ ಮಾಡಿಲ್ಲ’ ಎಂದು ಬರೆಯುವುದು, ವರ್ಷಗಟ್ಟಲೆ ದುಡಿದು ಪ್ರಬಂಧ ಬರೆದ ಹಿಂದಿನವರಿಗೆ ಮಾಡುವ ಅನ್ಯಾಯ.

ಸಂಶೋಧನಾ ಬರಹಗಳನ್ನಷ್ಟೇ ಹುಡುಕುವ ಗೂಗಲ್ ಸ್ಕಾಲರ್ ಬೇಡ ಎನ್ನುತ್ತಿಲ್ಲ. ಒಂದು ಲೇಖನವನ್ನು ಮುಂದೆ ಯಾರ್‍ಯಾರು ಉಲ್ಲೇಖಿಸಿದ್ದಾರೆ ಎಂದು ನೋಡಲು ನಾನೂ ಅದನ್ನೇ ಬಳಸುತ್ತೇನೆ.

ಇನ್ನೊಂದು ವಿಷಯ. 2025ರ ಜನವರಿ 1ರಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿವೆ. ನಮ್ಮ ತೆರಿಗೆ ದುಡ್ಡಿನ ಚಂದಾ ಇದು. ಸರ್ಕಾರಿ ಕಾಲೇಜಿನಲ್ಲಿ ಓದುತ್ತಿದ್ದರೆ ನಾಳೆಯೇ ಲೈಬ್ರರಿಯನ್ ಹತ್ತಿರ ಹೋಗಿ ವಿಚಾರಿಸಿ. ಖಾಸಗಿ ಕಾಲೇಜಿನ ಮಕ್ಕಳನ್ನು ಆರಂಭದಲ್ಲಿ ಹೊರಗಿಟ್ಟದ್ದು ನನಗೆ ಒಪ್ಪಿಗೆಯಿಲ್ಲ. ಜ್ಞಾನದ ಹಸಿವು ಕಾಲೇಜಿನ ಮಾಲೀಕತ್ವ ನೋಡಿ ಹುಟ್ಟುವುದಿಲ್ಲ.

ಕುಲಪತಿಗಳಲ್ಲಿ ನನ್ನ ಬೇಡಿಕೆ ಒಂದೇ: ಕನ್ನಡ ಪ್ರಬಂಧಗಳನ್ನು ಯೂನಿಕೋಡ್‌ನಲ್ಲಷ್ಟೇ ಸ್ವೀಕರಿಸಿ. ಹಳೆಯವನ್ನು ಪರಿವರ್ತಿಸಲು ಹಣ ಮೀಸಲಿಡಿ.