ಮರುದಿನವೇ ಪಾಲಿಷ್ ಬೇಡ

ಪ್ಲಾಸ್ಟಿಕ್ ಕಾರ್ ಮಾಡೆಲ್‌ಗೆ ಕ್ಲಿಯರ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಹೊಳಪಿನ ಪದರ) ಹೊಡೆದ ಮರುದಿನವೇ ಪಾಲಿಷ್ ಮಾಡಬಹುದು ಎಂದು ಒಂದು ಲೇಖನದಲ್ಲಿ ಓದಿದೆ. ಒಪ್ಪಲಾಗದು. ಮುಟ್ಟಿದರೆ ಅಂಟದಿರುವುದು ಬೇರೆ, ಒಳಗಿನವರೆಗೂ ಗಟ್ಟಿಯಾಗುವುದು ಬೇರೆ. ಟಾಮಿಯಾ ಕಂಪನಿಯ ಟಿಎಸ್-13 ಕ್ಲಿಯರ್ ಸ್ಪ್ರೇ ಥರದ ಲ್ಯಾಕರ್‌ಗೆ ಕನಿಷ್ಠ ಒಂದು ವಾರ ಕೊಡಿ. ಆಮೇಲೂ ಬಾಡಿಯಿಂದ ಥಿನ್ನರ್ ವಾಸನೆ ಬಂದರೆ ಇನ್ನೂ ಕಾಯಬೇಕು. ಅವಸರಪಟ್ಟರೆ ಹೊಳಪೇನೋ ಬರುತ್ತದೆ, ಆದರೆ ದ್ರಾವಕ ಆರುತ್ತಾ ಪದರ ಕುಗ್ಗಿ ಮತ್ತೆ ಮಂಕಾಗುತ್ತದೆ.

ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಇದ್ದಲ್ಲಿ ಕ್ಲಿಯರ್‌ನ ಮೊದಲ ಎರಡು ಕೋಟ್ ಮಂಜಿನಷ್ಟು ತೆಳುವಾಗಿರಲಿ. ಒಮ್ಮೆಲೇ ಒದ್ದೆಯಾಗಿ ಹೊಡೆದರೆ ಡೆಕಾಲ್ ಸುಕ್ಕುಗಟ್ಟುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು, ಉಡುಪಿ ಕಡೆ, ಜಡಿ ಹಿಡಿದ ದಿನ ಹೊಡೆಯಲೇಬೇಡಿ. ತೇವ ಸೇರಿ ಲ್ಯಾಕರ್ ಬಿಳಿಚಿಕೊಳ್ಳುತ್ತದೆ.

ಮೇಲ್ಮೈ ತರಿತರಿಯಾಗಿದ್ದರೆ ಮಾತ್ರ ಸೋಪು ನೀರಿನಲ್ಲಿ 2000, ನಂತರ 3000 ಗ್ರಿಟ್ ಮರಳು ಕಾಗದದಿಂದ ಉಜ್ಜಿ. ಆಮೇಲೆ ಕ್ರಮವಾಗಿ ಕೋರ್ಸ್, ಫೈನ್, ಫಿನಿಶ್ ಕಾಂಪೌಂಡ್ (ಪಾಲಿಷ್ ಪೇಸ್ಟ್). ಮೂರಕ್ಕೂ ಬೇರೆ ಬೇರೆ ಬಟ್ಟೆ. ಬಣ್ಣ ಕಿತ್ತುಬರುವುದು ಹೆಚ್ಚಾಗಿ ಫೆಂಡರಿನ (ಚಕ್ರದ ಮೇಲಿನ ಭಾಗ) ಏಣು ಮತ್ತು ಬಾಗಿಲ ಗೆರೆಯ ಅಂಚಿನಲ್ಲಿ. ಅಲ್ಲಿ ಕ್ಲಿಯರ್ ಅಂಚಿನಿಂದ ಸರಿದು ತೆಳುವಾಗಿರುತ್ತದೆ. ಉಜ್ಜುವ ಮುನ್ನ ಅಲ್ಲಿ ಕಿರಿದಾದ ಮಾಸ್ಕಿಂಗ್ ಟೇಪ್ ಅಂಟಿಸಿ, ಕೊನೆಗೆ ತೆಗೆದು ಫಿನಿಶ್ ಕಾಂಪೌಂಡ್ ಮಾತ್ರ ಹಗುರವಾಗಿ ಸವರಿ. ಮೋಟಾರ್ ಟೂಲ್ ಬೇಡ, ಬಿಸಿಗೆ ಬಣ್ಣ ಮೆತ್ತಗಾಗುತ್ತದೆ. ಗೆರೆಗಳಲ್ಲಿ ಉಳಿದ ಬಿಳಿ ಕಾಂಪೌಂಡನ್ನು ಮೆದು ಟೂತ್‌ಬ್ರಷ್‌ನಿಂದ ಅವತ್ತೇ ತೊಳೆಯಿರಿ.