ಶಿಳ್ಳೆ ಹೊಡೆಯೋಕೆ ಬರುತ್ತಾ?

ಭಾನುವಾರ ಸಂತ ಫಿಲೋಮಿನಾ ಚರ್ಚಿನಲ್ಲಿ ಪೂಜೆ ಮುಗಿಸಿ ಹೊರಗೆ ಬರುವಾಗ ಒಬ್ಬ ಹಿರಿಯರು ತಡೆದರು. "ಏನಪ್ಪಾ, ನಶೆ ಹುಡುಗರನ್ನೆಲ್ಲ ಗ್ಯಾರೇಜಿಗೆ ಸೇರಿಸ್ಕೊಂಡಿದ್ದೀಯಂತೆ? ಮೊದಲು ಅವರು ತಿದ್ಕೊಳ್ಲಿ, ಆಮೇಲೆ ಕೆಲಸ ಕೊಡು." ಅಲ್ಲಿ ಉತ್ತರ ಹೊಳೆಯಲಿಲ್ಲ. ಇಲ್ಲಿ ಬರೀತಿದ್ದೀನಿ.

ಬನ್ನಿಮಂಟಪದ ಹತ್ತಿರ ನನ್ನದು ಸಣ್ಣ ಬೈಕ್ ಗ್ಯಾರೇಜು. ಏಳು ವರ್ಷದ ಹಿಂದೆ ನನ್ನ ತಮ್ಮ ಕುಡಿದು ಕುಡಿದೇ ಹೋದ. ಅವನು ಮನೆಗೆ ಬಂದಾಗಲೆಲ್ಲ ಬಾಗಿಲಲ್ಲೇ ನಿಲ್ಲಿಸಿ ಲೆಕ್ಕ ಕೇಳುತ್ತಿದ್ದವನು ನಾನು. ಎಲ್ಲಿದ್ದೆ? ಎಷ್ಟು ಕುಡಿದೆ? ಅಮ್ಮನ ದುಡ್ಡು ಎಲ್ಲಿ? ಅವನನ್ನು ಮಣ್ಣು ಮಾಡಿದ ಮೇಲೆ ಎರಡು ವರ್ಷ ನಾನು ಚರ್ಚಿನ ಕಡೆ ತಲೆ ಹಾಕಲಿಲ್ಲ. ಅಂಗಡಿ ತೆಗೀತಿದ್ದೆ, ಮುಚ್ಚುತ್ತಿದ್ದೆ, ಅಷ್ಟೇ.

ಮತ್ತೆ ಹೋದದ್ದು ಒಂದು ತಪಸ್ಸುಕಾಲದಲ್ಲಿ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು), ಅಮ್ಮನ ಬಲವಂತಕ್ಕೆ. ಅವತ್ತು ಓದಿದ್ದು ಬೈಬಲಿನ ಲೂಕನ ಶುಭಸಂದೇಶದ 15ನೇ ಅಧ್ಯಾಯ, ಅಪ್ಪನಿಂದ ಪಡೆದ ಆಸ್ತಿ ಹಾಳುಮಾಡಿ ಮನೆಗೆ ವಾಪಸಾಗುವ ದುಂದುಗಾರ ಮಗನ ಸಾಮತಿ, ಅಂದರೆ ದೃಷ್ಟಾಂತ ಕಥೆ. ಎಷ್ಟು ಸಲ ಕೇಳಿದ್ದೇನೋ. ಆದರೆ ಒಂದು ವಿಷಯ ಅವತ್ತೇ ಕಿವಿಗೆ ಬಿದ್ದದ್ದು. ಮಗ ವಾಪಸ್ ಹೊರಡುವಾಗಲೇ ಮಾತು ಜೋಡಿಸಿಕೊಂಡಿರುತ್ತಾನೆ: ಪಾಪ ಮಾಡಿದೆ, ನಿನ್ನ ಮಗ ಅನ್ನಿಸಿಕೊಳ್ಳೋ ಯೋಗ್ಯತೆ ನನಗಿಲ್ಲ, ಕೂಲಿಯಾಳಾಗಿ ಇಟ್ಕೋ. ಅಪ್ಪನ ಎದುರು ಆ ಕೊನೇ ಮಾತು ಬಾಯಿಂದ ಹೊರಡುವುದೇ ಇಲ್ಲ. ದೂರದಲ್ಲಿ ಕಂಡ ಕೂಡಲೇ ಓಡಿ ಬಂದ ಅಪ್ಪ, ಅಷ್ಟರಲ್ಲಿ ಒಳ್ಳೇ ಬಟ್ಟೆ ತನ್ನಿ ಅಂತ ಕೂಗಿರುತ್ತಾನೆ. ಲೆಕ್ಕದ ಮಾತೇ ಇಲ್ಲ. ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ತಮ್ಮನ ಕಡೆಗೆ ನಾನು ಒಂದು ದಿನವೂ ಓಡಿರಲಿಲ್ಲ.

ಮೊದಲು ಸೇರಿಸಿಕೊಂಡ ಹುಡುಗನಿಗೆ ಆಗ ಹತ್ತೊಂಬತ್ತು. ಕರ್ಚೀಫಿನ ತುಂಬ ಪಂಕ್ಚರ್ ಸೊಲ್ಯೂಷನ್ ವಾಸನೆ, ಅವನ ನಶೆ ಅದೇ. ಅದು ನನ್ನ ಅಂಗಡಿಯಲ್ಲೂ ಇರುವ ಸಾಮಾನೇ. ಅವತ್ತಿನಿಂದ ಬೀಗದೊಳಗೆ ಇಟ್ಟೆ. ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಸ್ಪಾರ್ಕ್ ಪ್ಲಗ್ ಥ್ರೆಡ್ಡಿಗೆ ಕೂರುತ್ತಲೇ ಇರಲಿಲ್ಲ. "ಮೊದಲು ಬೆರಳಲ್ಲೇ ತಿರುಗಿಸೋ. ಬಿಗಿ ಅನ್ನಿಸಿದ್ರೆ ಬಿಚ್ಚು, ಮತ್ತೆ ಹಾಕು. ಸ್ಪ್ಯಾನರ್ ಆಮೇಲೆ" ಅಂದೆ. ನಾಲ್ಕನೇ ಸಲಕ್ಕೆ ಕೂತಿತು. ಬೆರಳು ತೆಗೆಯದೆ ಹಾಗೇ ನಿಂತಿದ್ದ.

ಮುಂದೆ ಎಲ್ಲ ಸರಿಹೋಯಿತು ಅಂತಲ್ಲ. ಒಂದು ದಿನ ಗಲ್ಲಾದಿಂದ 1,200 ರೂಪಾಯಿ ಎತ್ತಿಕೊಂಡು ಹೋದ. ಹನ್ನೊಂದು ದಿನ ಸುಳಿವಿಲ್ಲ. ಆಮೇಲೆ ನೋಡಿದರೆ ಎದುರಿನ ಟೀ ಅಂಗಡಿ ಹತ್ತಿರ ತಲೆ ತಗ್ಗಿಸಿ ನಿಂತಿದ್ದಾನೆ. ಬಾಯಿ ತುದಿಗೆ ಲೆಕ್ಕ ಬಂದಿತ್ತು, ನಿಜ. ರಸ್ತೆ ದಾಟಿ ಹೋಗಿ "ತಿಂಡಿ ಆಯ್ತೇನೋ?" ಅಂದೆ.

ಪ್ರಾರ್ಥನೆ ಮಾಡಿದರೆ ಸಾಕು, ಡಾಕ್ಟರು ಬೇಡ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅವನ ಜೊತೆ ಕೆ.ಆರ್. ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದೇನೆ. ಮನೆಯಲ್ಲಿ ಇಂಥ ಮಕ್ಕಳಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ. ಇನ್ನೊಂದು ಮಾತು: ಅವನು ಕ್ರೈಸ್ತನಲ್ಲ, ಚರ್ಚಿಗೆ ಬಾ ಅಂತ ನಾನು ಕರೆದೂ ಇಲ್ಲ. ಅವನ ತಾಯಿ ಚಾಮುಂಡಿ ಬೆಟ್ಟಕ್ಕೆ ಹೋಗಿ ಬಂದಾಗ ನನಗೂ ಪ್ರಸಾದ ತಂದುಕೊಡುತ್ತಾರೆ. ನನ್ನ ದೇವರು ನನಗೆ ಕೊಟ್ಟ ಕೆಲಸ ಇದು, ಅವನಿಂದ ವಸೂಲಿ ಮಾಡುವ ಸಾಲವಲ್ಲ.

ಹಿರಿಯರೇ, 1841ರ ಡಿಸೆಂಬರ್‌ನಲ್ಲಿ ಇಟಲಿಯ ಟ್ಯೂರಿನ್ನಿನ ಒಂದು ಚರ್ಚಿನೊಳಗೆ ಬಂದ ಅನಾಥ ಹುಡುಗನನ್ನು, ಪೂಜೆಗೆ ಸಹಾಯ ಮಾಡಲು ಬರುವುದಿಲ್ಲ ಅಂದದ್ದಕ್ಕೆ, ಅಲ್ಲಿನ ಕೆಲಸದವನು ಹೊಡೆದು ಓಡಿಸಿದ. ಅಲ್ಲಿದ್ದ ಪಾದ್ರಿ ಡಾನ್ ಬೋಸ್ಕೊ ಅವನನ್ನು ವಾಪಸ್ ಕರೆಸಿದರು. ಓದೋಕೆ ಬರುತ್ತಾ? ಇಲ್ಲ. ಹಾಡೋಕೆ? ಇಲ್ಲ. ಶಿಳ್ಳೆ ಹೊಡೆಯೋಕೆ? ಹುಡುಗ ನಕ್ಕ. ಬಡ ಹುಡುಗರಿಗಾಗಿ ಅವರ ಕೆಲಸ ಶುರುವಾದದ್ದು ಅಲ್ಲಿಂದ. ತಿದ್ದಿಕೊಂಡು ಬಾ ಅಂದಿದ್ದರೆ ಆ ಹುಡುಗ ಮತ್ತೆ ಬರುತ್ತಿದ್ದನೇ?

ಭಾನುವಾರ ನಿಮ್ಮ ಸ್ಕೂಟರಿನ ಹಿಂದಿನ ಬ್ರೇಕು ಕಿರ್ ಅನ್ನುತ್ತಿತ್ತು. ಒಂದು ಸಂಜೆ ತನ್ನಿ, ನನ್ನ ಗ್ಯಾರೇಜಿನ ಆ ಹುಡುಗನೇ ಸರಿ ಮಾಡಿಕೊಡುತ್ತಾನೆ.