ಹೇಳದೆ ಬಿಟ್ಟ ಠೂ

ಮೊನ್ನೆ ನೀರ್ಚಾಲಿನ ಹತ್ತಿರ ಒಂದು ಉಪನಯನಕ್ಕೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯುವಲ್ಲಿ ದೂರದ ಸಂಬಂಧದ ಒಬ್ಬರು ಅತ್ತಿಗೆ ಸಿಕ್ಕಿದರು. "ಎಂತ ಭಾವ, ನಿಮ್ಮ ಬರಹ ಈಗ ಕಾಣುವುದೇ ಇಲ್ಲ. ಫೇಸ್‌ಬುಕ್ ಬಿಟ್ಟದ್ದಾ?" ಅಂತ ಕೇಳಿದರು.

ಬಿಟ್ಟಿಲ್ಲ. ವಾರಕ್ಕೆರಡು ಸಲವಾದರೂ ಬರೆಯುತ್ತೇನೆ, ಸ್ನೇಹಿತರಿಗೆ ಮಾತ್ರ ಕಾಣುವ ಹಾಗೆ. ಎರಡು ವರ್ಷದ ಹಿಂದೆ ಒಂದು ರಾತ್ರಿ ಕೂತು ಪಟ್ಟಿಯಿಂದ ಒಂದಷ್ಟು ಹೆಸರು ತೆಗೆದಿದ್ದೆ. ಅದರಲ್ಲಿ ಈ ಅತ್ತಿಗೆಯದೂ ಇತ್ತು. ಅವರ ಮೇಲೆ ಸಿಟ್ಟು ಇರಲಿಲ್ಲ. ದಿನಕ್ಕೆ ಹತ್ತು ಸಲ ಯಾರ್ಯಾರದೋ ಪೋಸ್ಟ್ ಹಂಚುತ್ತಿದ್ದರು, ನೋಡಿ ನೋಡಿ ಕಿರಿಕಿರಿ ಆಗುತ್ತಿತ್ತು, ಅಷ್ಟೇ.

"ಈಗ ಜಾಸ್ತಿ ಹೋಗುವುದಿಲ್ಲ ಅತ್ತಿಗೆ" ಅಂದೆ. ಸುಳ್ಳು. ಅವರು ನಂಬಿದರು. "ಒಳ್ಳೆಯದೇ ಆಯಿತು, ಕಣ್ಣಿಗೂ ಹಿತ" ಅಂತ ಹೇಳಿ, ನನ್ನ ಒದ್ದೆ ಕೈ ನೋಡಿ, ತಮ್ಮ ಚೀಲದಿಂದ ಮಡಚಿಟ್ಟ ಟವೆಲ್ ತೆಗೆದು ಕೊಟ್ಟರು. ಅವರ ಹೆಸರನ್ನು ತೆಗೆಯಲು ನನಗೆ ಎರಡು ಕ್ಷಣ ಸಾಕಾಗಿತ್ತು. ಆ ಟವೆಲಿನಲ್ಲಿ ಕೈ ಒರೆಸಿಕೊಳ್ಳುವುದು ಅದಕ್ಕಿಂತ ಎಷ್ಟೋ ಕಷ್ಟವಾಯಿತು.

ಅವತ್ತಿನಿಂದ ಈ ವಿಷಯ ತಲೆಯಲ್ಲಿ ತಿರುಗುತ್ತಿದೆ. ಹಾಗಾಗಿ ಈ ಬರಹವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

'ಅನ್‌ಫ್ರೆಂಡ್' ಅನ್ನುವ ಪದವನ್ನು ಆಕ್ಸ್‌ಫರ್ಡ್‌ನವರ ಅಮೆರಿಕನ್ ನಿಘಂಟು 2009ರಲ್ಲಿ ವರ್ಷದ ಪದ ಅಂತ ಆರಿಸಿತ್ತು. ನಮಗೆ ಶಾಲೆಯಲ್ಲೇ ಅದಕ್ಕೊಂದು ಪದ ಗೊತ್ತಿತ್ತು, ಠೂ. ಆದರೆ ಠೂ ಬಿಡಬೇಕಾದರೆ ಎದುರಿಗೆ ಹೋಗಿ ನಿಲ್ಲಬೇಕಿತ್ತು. ಕಿರುಬೆರಳು ತೋರಿಸಿ, "ಇವತ್ತಿಂದ ನಿನ್ನ ಹತ್ತಿರ ಠೂ" ಅಂತ ಬಾಯಿಬಿಟ್ಟು ಹೇಳಬೇಕಿತ್ತು. ಇಡೀ ಕ್ಲಾಸಿಗೆ ಗೊತ್ತಾಗುತ್ತಿತ್ತು. ಎರಡು ದಿನ ಕಳೆಯುವಾಗ ಯಾರಾದರೂ ಒಬ್ಬ ನಡುವೆ ಬಂದು ಇಬ್ಬರ ಕೈ ಹಿಡಿಸುತ್ತಿದ್ದ.

ಫೇಸ್‌ಬುಕ್ಕಿನಲ್ಲಿ ಹಾಗಿಲ್ಲ. ತೆಗೆದದ್ದು ತೆಗೆದವನಿಗೆ ಮಾತ್ರ ಗೊತ್ತು. ಅತ್ತ ಕಡೆಗೆ ಯಾವ ಸೂಚನೆಯೂ ಹೋಗುವುದಿಲ್ಲ. ಇಬ್ಬರ ಪಟ್ಟಿಯಿಂದಲೂ ಹೆಸರು ಒಟ್ಟಿಗೇ ಹೋಗುತ್ತದೆ, ಹಳೆಯ ಮೆಸೇಜುಗಳು ಮಾತ್ರ ಹಾಗೇ ಉಳಿಯುತ್ತವೆ. ಮನಸ್ಸು ಬದಲಾಗಿ ಪುನಃ ಸೇರಿಸಿಕೊಳ್ಳಬೇಕು ಅಂದರೆ ಹೊಸದಾಗಿ ರಿಕ್ವೆಸ್ಟ್ ಕಳಿಸಬೇಕು. ಆಗ ಅವರ ಫೋನಿಗೆ ಸೂಚನೆ ಹೋಗುತ್ತದೆ. ಅಂದರೆ ಹೋಗುವಾಗ ಸದ್ದಿಲ್ಲ, ವಾಪಸು ಬರುವಾಗ ಮಾತ್ರ ಬಾಗಿಲು ತಟ್ಟಲೇಬೇಕು. ಈ ಒಂದು ಕಾರಣಕ್ಕೆ ಎಷ್ಟು ಜನ ವಾಪಸು ಬಾರದೆ ಉಳಿದಿದ್ದಾರೋ.

ದೊಡ್ಡ ಪೇಟೆಯಲ್ಲಿ ಇದು ನಡೆಯಬಹುದು. ಒಮ್ಮೆ ತೆಗೆದವರ ಮುಖ ಮತ್ತೆ ಕಾಣದೆಯೂ ಇರಬಹುದು. ನಮ್ಮ ಕಾಸರಗೋಡಿನಲ್ಲಿ ಅದು ಸಾಧ್ಯವಾ? ಬದಿಯಡ್ಕದ ಬಸ್‌ಸ್ಟ್ಯಾಂಡಿನಲ್ಲಿ, ಕುಂಬಳೆಯ ಮದುವೆ ಹಾಲಿನಲ್ಲಿ, ಯಕ್ಷಗಾನದ ಆಟ ನೋಡಲು ಹೋದಲ್ಲಿ, ಎಲ್ಲಿ ಹೋದರೂ ಅವರೇ ಸಿಗುತ್ತಾರೆ. 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಕನ್ನಡ ಮಾತಾಡುವವರ ಬಳಗ ಮೊದಲೇ ಚಿಕ್ಕದು. ಶಾಲೆ, ಸಮ್ಮೇಳನ, ಯಕ್ಷಗಾನ, ಬೊಜ್ಜ (ಸತ್ತವರ ಉತ್ತರಕ್ರಿಯೆ), ಮದುವೆ ಎಲ್ಲದಕ್ಕೂ ಅವೇ ಮುಖಗಳು. ಇಷ್ಟು ಜನರಲ್ಲೂ ಒಬ್ಬರನ್ನೊಬ್ಬರು ಗುಟ್ಟಾಗಿ ಅಳಿಸುತ್ತಾ ಹೋದರೆ ಉಳಿಯುವುದು ಯಾರು?

ಜಗಳ ಇರಲೇ ಇಲ್ಲ ಅಂತಲ್ಲ. ನಮ್ಮ ಮನೆಗೂ ಗುಡ್ಡೆಯ ಮೇಲಿನ ಮನೆಗೂ ಸುರಂಗದ ನೀರಿನ ವಿಷಯದಲ್ಲಿ ಹನ್ನೊಂದು ವರ್ಷ ಮಾತು ಬಿಟ್ಟಿತ್ತು. ಗುಡ್ಡ ಕೊರೆದು ತಂದ ನೀರು ಅಂದರೆ ಇಲ್ಲಿಯವರಿಗೆ ಪ್ರಾಣ, ಗೊತ್ತುಂಟಲ್ಲ. ಆದರೆ ಮಾತು ಬಿಟ್ಟದ್ದು ಊರಿಗೆಲ್ಲ ಗೊತ್ತಿತ್ತು. ನನ್ನ ಅಪ್ಪ ಒಂದು ಹೇಳಿಕೆ ಪುಸ್ತಕ ಇಟ್ಟಿದ್ದರು. ಮನೆಯಲ್ಲಿ ಪೂಜೆ, ಮದುವೆ ಏನಿದ್ದರೂ ಯಾರ್ಯಾರಿಗೆ ಹೇಳಿಕೆ, ಅಂದರೆ ಆಮಂತ್ರಣ, ಹೋಗಬೇಕು ಅನ್ನುವ ಪಟ್ಟಿ. ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ಬಟ್ಟೆಯ ಬೆನ್ನು, ಊರು ಊರಿಗೆ ಬೇರೆ ಬೇರೆ ಪುಟ. ಆ ಹನ್ನೊಂದು ವರ್ಷವೂ ಮೇಲಿನ ಮನೆಯ ಹೆಸರು ಅದರಲ್ಲಿ ಹಾಗೇ ಇತ್ತು. ಪಕ್ಕದಲ್ಲಿ ಪೆನ್ಸಿಲಿನಲ್ಲಿ "ಬೇರೆಯವರ ಕೈಯಲ್ಲಿ" ಅಂತ ಬರೆದಿದ್ದರು. ನಾವು ಹೋಗುತ್ತಿರಲಿಲ್ಲ, ಅವರು ಬರುತ್ತಿರಲಿಲ್ಲ. ಆದರೆ ಹೇಳಿಕೆ ಮಾತ್ರ ಹೋಗುತ್ತಿತ್ತು.

ನನ್ನ ಅಕ್ಕನ ಮದುವೆಯ ಹಿಂದಿನ ದಿನ ಪಾಯಸ ಮಾಡುವ ದೊಡ್ಡ ಕೊಪ್ಪರಿಗೆ ಸಿಗದೆ ಒದ್ದಾಡುತ್ತಿದ್ದೆವು. ರಾತ್ರಿ ಮೇಲಿನ ಮನೆಯಿಂದ ಇಬ್ಬರು ಹುಡುಗರು ಕೊಪ್ಪರಿಗೆ ಹೊತ್ತು ಇಳಿದುಬಂದರು. ಯಾರು ಹೇಳಿದ್ದೋ ಗೊತ್ತಿಲ್ಲ. ಬೆಳಗ್ಗೆ ಆ ಮನೆಯ ಮಾವ ಊಟಕ್ಕೆ ಬಂದರು. ಅಪ್ಪ ತಾನೇ ಹೋಗಿ ಎಲೆ ಹಾಕಿದರು. ಎಲ್ಲರಿಗೂ ಗೊತ್ತಿದ್ದ ಜಗಳ ಆದ್ದರಿಂದ ಎಲ್ಲರೂ ಸೇರಿ ಅದನ್ನು ಮುಗಿಸಲು ಆಯಿತು. ನಾನು ಫೇಸ್‌ಬುಕ್ಕಿನಲ್ಲಿ ಒಬ್ಬರನ್ನು ತೆಗೆದದ್ದು ಯಾರಿಗೂ ಗೊತ್ತಿಲ್ಲದಿದ್ದರೆ ಕೊಪ್ಪರಿಗೆ ಹೊತ್ತು ತರುವವರು ಯಾರು?

ಈಗ ನನಗೆ ತುಂಬಾ ನೋವಾಗುವ ವಿಷಯಕ್ಕೆ ಬರುತ್ತೇನೆ.

2020ರ ಮಾರ್ಚ್. ಕೊರೊನಾ ಬಂತು. ತಲಪಾಡಿಯಲ್ಲಿ ಕರ್ನಾಟಕ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ನಮ್ಮಲ್ಲಿ ಸಣ್ಣ ಜ್ವರಕ್ಕಿಂತ ಮೇಲಿನ ಯಾವ ಕಾಯಿಲೆಗೂ ಮಂಗಳೂರೇ. ಕಾಸರಗೋಡು ಪೇಟೆಯಿಂದ ಸುಮಾರು 50 ಕಿಲೋಮೀಟರ್. ತಿರುವನಂತಪುರ ಐನೂರು ಕಿಲೋಮೀಟರಿಗೂ ಜಾಸ್ತಿ ದೂರ. ಆಂಬುಲೆನ್ಸ್ ಗಡಿ ದಾಟಲಾಗದೆ ಜೀವಗಳು ಹೋದವು. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮ ಪಕ್ಕದ ಮನೆಯ ಅಜ್ಜನಿಗೆ ವಾರಕ್ಕೆ ಎರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್ ಆಗಬೇಕಿತ್ತು. ಅವರ ಮಗ ನಮ್ಮ ಜಗಲಿಯಲ್ಲಿ ಕೂತು ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದ.

ಆ ರಾತ್ರಿ ಫೇಸ್‌ಬುಕ್ ತೆರೆದರೆ ನನ್ನ ಶಾಲೆಯ ಗೆಳೆಯನ ಪೋಸ್ಟ್. ಒಂದನೇ ಕ್ಲಾಸಿನಿಂದ ಹತ್ತರವರೆಗೆ ಒಂದೇ ಬೆಂಚಿನಲ್ಲಿ ಕೂತವನು, ಈಗ ಮಂಗಳೂರಿನಲ್ಲಿ ಮನೆ ಮಾಡಿದ್ದಾನೆ. ಮಣ್ಣು ಸುರಿದ ರಸ್ತೆಯ ಫೋಟೋ ಹಾಕಿ, "ಇನ್ನೂ ಎರಡು ಲೋಡ್ ಹಾಕಿ" ಅಂತ ಬರೆದಿದ್ದ. ನನ್ನ ಕೈ ನಡುಗಿತು. ಬೈದು ಬರೆಯಲು ಹೊರಟೆ, ಅಳಿಸಿದೆ. ಪುನಃ ಬರೆದೆ, ಪುನಃ ಅಳಿಸಿದೆ. ಕೊನೆಗೆ ಒಂದು ಮಾತೂ ಹೇಳದೆ ಅವನ ಹೆಸರು ತೆಗೆದು ಫೋನ್ ಬದಿಗಿಟ್ಟೆ. ಆಗ ಮನಸ್ಸಿಗೆ ಹಗುರವಾದದ್ದು ನಿಜ.

ಐದು ವರ್ಷ ಕಳೆಯಿತು. 2025ರ ಏಪ್ರಿಲ್‌ನಲ್ಲಿ ಮಧೂರಿನಲ್ಲಿ ಮೂಡಪ್ಪ ಸೇವೆ. ಗಣಪತಿಯನ್ನು ಅಪ್ಪದಲ್ಲಿ ಮುಚ್ಚುವ ಆ ಸೇವೆ 1992ರ ನಂತರ ಆಗಲೇ ನಡೆದದ್ದು. ದೂರದೂರಿನಲ್ಲಿ ಇದ್ದವರೂ ಬಂದಿದ್ದರು. ನಾನು ಊಟದ ಪಂಕ್ತಿಯಲ್ಲಿ ಬಡಿಸಲು ನಿಂತಿದ್ದೆ. ಅನ್ನದ ಬುಟ್ಟಿ ನನ್ನದು. ಸಾರಿನ ಬಾಲ್ದಿ ಹಿಡಿದು ನನ್ನ ಹಿಂದೆ ಬರುತ್ತಿದ್ದವನು ಅವನು.

ಬಡಿಸಿ ಅಭ್ಯಾಸ ಇದ್ದವರಿಗೆ ಗೊತ್ತು, ಅನ್ನದವನೂ ಸಾರಿನವನೂ ಜೋಡಿ. ಅನ್ನ ಬಿದ್ದ ಎಲೆಯವರು ಗುಂಡಿ ಮಾಡಿ ಕಾಯುತ್ತಾರೆ. ಸಾರಿನವನು ಹಿಂದೆ ಬಿದ್ದರೆ ತಿರುಗಿ ಕರೆಯಬೇಕು. ನನಗೆ ಅವನನ್ನು ಕರೆಯಲು ಬಾಯಿ ಬರಲಿಲ್ಲ. ಒಬ್ಬರು ಹಿರಿಯರು ಕೈ ಅನ್ನದ ಮೇಲಿಟ್ಟು ನನ್ನ ಮುಖ ನೋಡುತ್ತಾ ಕೂತರು. ನಾನು ಸುಮ್ನೆ ನಿಂತೆ. ಅವನೇ ದಾಪುಗಾಲು ಹಾಕಿ ಬಂದು, ಸೌಟು ಬಗ್ಗಿಸಿ, "ನಡಿ ಮಾರಾಯ, ಹಿಂದೆ ನಾನಿದ್ದೇನೆ" ಅಂದ. ಆಮೇಲೆ ಆರು ಪಂಕ್ತಿ ಒಟ್ಟಿಗೆ ಬಡಿಸಿದೆವು.

ಸಂಜೆ ನೀರಿನ ಟ್ಯಾಂಕಿನ ಹತ್ತಿರ ಕೂತಾಗ ಅವನೇ ತೆಗೆದ ಮಾತು. "ನೀನು ನನ್ನನ್ನು ತೆಗೆದದ್ದು ನನಗೆ ಗೊತ್ತುಂಟು. ಆ ವಾರವೇ ಗೊತ್ತಾಯಿತು."

ನನಗೆ ಮಾತೇ ಹೊರಡಲಿಲ್ಲ. ಯಾಕೆಂದರೆ 2022ರಲ್ಲಿ ನನ್ನ ಅಪ್ಪನ ಬೊಜ್ಜಕ್ಕೆ ಅವನು ಬಂದಿದ್ದ. ನಾನು ಹೇಳಿರಲಿಲ್ಲ, ಯಾರಿಂದಲೋ ಕೇಳಿ ಬಂದಿದ್ದ. ಬೆಳಗ್ಗಿನಿಂದ ಸಂಜೆವರೆಗೆ ಇದ್ದು ಎಲೆ ಎತ್ತಿ ಹೋಗಿದ್ದ. ಅವನಿಗೆ ಗೊತ್ತಿಲ್ಲ ಅಂದುಕೊಂಡು ನಾನು ಅವತ್ತು ಧೈರ್ಯದಲ್ಲಿ ಓಡಾಡಿದ್ದೆ. ಗೊತ್ತಿದ್ದೇ ಬಂದಿದ್ದ ಅವನು.

"ಆಗ ನನಗೂ ಹೆದರಿಕೆ. ಮನೆಯಲ್ಲಿ ಅಮ್ಮ, ಎಂಬತ್ತು ದಾಟಿದವರು. ಏನೋ ಬರೆದುಹೋಯಿತು" ಅಂದ. ನಾನು ಪಕ್ಕದ ಮನೆಯ ಅಜ್ಜನ ವಿಷಯ ಹೇಳಿದೆ. "ಯಾವ ಅಜ್ಜ? ನಮಗೆ ಕಾಟುಮಾವಿನ ಹಣ್ಣು ಹೆಕ್ಕಲು ಬಿಡುತ್ತಿದ್ದವರಾ?" ಅಂತ ಕೇಳಿದ. ಹೌದು ಅಂದೆ. ಕಾಞಂಗಾಡಿನ ಕಡೆ ಹೇಗೋ ವ್ಯವಸ್ಥೆ ಆಗಿ, ಅಜ್ಜ ಆ ಮಳೆಗಾಲ ಕಳೆಯುವವರೆಗೆ ಇದ್ದರು ಅಂತಲೂ ಹೇಳಿದೆ. ಅವನು ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಅವತ್ತೇ ಒಂದು ಫೋನ್ ಮಾಡಬಾರದಿತ್ತಾ ನೀನು?" ಅಂದ.

ಮಾಡಬೇಕಿತ್ತು. ಅವನ ಮಾತು ತಪ್ಪು ಅಂತ ನನಗೆ ಈಗಲೂ ಖಂಡಿತ. ಆದರೆ ಅದನ್ನು ತಪ್ಪು ಅಂತ ಅವನಿಗೆ ಮನವರಿಕೆ ಮಾಡುವ ಒಂದೇ ಒಂದು ವಿಷಯ ನನ್ನ ಹತ್ತಿರ ಇತ್ತು. ಅವನಿಗೆ ಹಣ್ಣು ಕೊಟ್ಟ ಅಜ್ಜ. ಅದನ್ನು ನನ್ನಲ್ಲೇ ಇಟ್ಟುಕೊಂಡು ಅವನನ್ನು ತೆಗೆದುಬಿಟ್ಟೆ.

ಇದೇ ಅನುಭವ ನನಗೂ ಆಗಿದೆ. ಒಂದು ದಿನ ಫೇಸ್‌ಬುಕ್, ಇವರು ನಿಮಗೆ ಪರಿಚಯ ಇರಬಹುದು ಅಂತ ಒಂದು ಮುಖ ತೋರಿಸಿತು. ಅವರ ಮನೆಯಲ್ಲಿ ಮೂರು ವರ್ಷ ಉಳಿದು ಕಾಲೇಜಿಗೆ ಹೋದವನು ನಾನು. ಯಾವಾಗ ತೆಗೆದರೋ, ಯಾಕೆ ತೆಗೆದರೋ. ನನ್ನ ಹಳೆಯ ಪೋಸ್ಟುಗಳನ್ನೆಲ್ಲ ಹಿಂದಕ್ಕೆ ಹೋಗಿ ಓದಿದೆ, ಯಾವ ಮಾತು ತಾಗಿರಬಹುದು ಅಂತ. ಸಿಗಲಿಲ್ಲ. ಇವತ್ತಿನವರೆಗೂ ಕೇಳಲು ಧೈರ್ಯ ಬಂದಿಲ್ಲ. ಎದುರು ಸಿಕ್ಕರೆ ಇಬ್ಬರೂ ನಗುತ್ತೇವೆ, ಮಳೆ ಹೇಗೆ ಅಂತ ಕೇಳುತ್ತೇವೆ.

ಮಳೆ ಅಂದಾಗ ಇನ್ನೊಬ್ಬರ ನೆನಪಾಗುತ್ತದೆ. ಪೆರ್ಲದ ಕಡೆಯ ಒಬ್ಬರು ಕೃಷಿಕರು, ದಿನಾ ಬೆಳಗ್ಗೆ ಅಂಗಳದ ಮಳೆಮಾಪಕ ನೋಡಿ ಎಷ್ಟು ಮಿಲಿಮೀಟರ್ ಅಂತ ಬರೆಯುತ್ತಾರೆ. ಬೇರೆ ಏನೂ ಬರೆಯುವುದಿಲ್ಲ. ನಾನು ಪಟ್ಟಿ ಸಣ್ಣದು ಮಾಡಿದ ರಾತ್ರಿ ಅವರನ್ನೂ ತೆಗೆದೆ. ಮುಂದಿನ ಮಳೆಗಾಲದಲ್ಲಿ ಅಡಿಕೆಗೆ ಎರಡನೇ ಸಲ ಮದ್ದು ಬಿಡುವುದು ಯಾವಾಗ ಅಂತ ಲೆಕ್ಕ ಹಾಕುವಾಗ ಅವರ ಅಂಕಿಗಳೇ ಬೇಕಾದವು. ನಾಚಿಕೆ ಬಿಟ್ಟು ಫೋನ್ ಮಾಡಿ, "ನಿಮ್ಮನ್ನು ತೆಗೆದದ್ದು ನಾನೇ, ತಪ್ಪಾಯಿತು" ಅಂದೆ. "ಹೌದಾ? ನನಗೆ ಗೊತ್ತೇ ಆಗಲಿಲ್ಲ. ನಿನ್ನೆ ನಮ್ಮಲ್ಲಿ 112" ಅಂದರು.

ಒಬ್ಬ ಮನುಷ್ಯ ಚೆನ್ನಾಗಿ ಇಟ್ಟುಕೊಳ್ಳಬಹುದಾದ ಸಂಬಂಧ 150ರ ಆಸುಪಾಸು ಅಂತ ರಾಬಿನ್ ಡನ್‌ಬಾರ್ ಅನ್ನುವ ಬ್ರಿಟಿಷ್ ಸಂಶೋಧಕರು 1990ರ ದಶಕದಲ್ಲಿ ಹೇಳಿದ್ದಾರೆ. ಫೇಸ್‌ಬುಕ್ 5000ದವರೆಗೆ ಬಿಡುತ್ತದೆ. ಅಷ್ಟು ಜನರ ಮಾತು ಕೇಳುತ್ತಾ ಕೂರಲು ಯಾರಿಂದಲೂ ಆಗದು, ಒಪ್ಪುತ್ತೇನೆ. ಅದಕ್ಕೆ ಅನ್‌ಫಾಲೋ ಉಂಟಲ್ಲ. ಸಂಬಂಧ ಉಳಿಯುತ್ತದೆ, ಪೋಸ್ಟ್ ಕಾಣುವುದಿಲ್ಲ. 30 ದಿನ ಮಾತ್ರ ಮರೆಯಾಗಿಡುವ ವ್ಯವಸ್ಥೆಯೂ ಉಂಟು. ಅತ್ತಿಗೆಯ ವಿಷಯದಲ್ಲಿ ನನಗೆ ಅಷ್ಟು ಸಾಕಿತ್ತು. ಇನ್‌ಬಾಕ್ಸಿಗೆ ಕೆಟ್ಟದಾಗಿ ಬರೆಯುವವರು, ಹೆಣ್ಣುಮಕ್ಕಳಿಗೆ ತೊಂದರೆ ಕೊಡುವವರು, ಬೆದರಿಸುವವರು, ಇವರ ವಿಷಯ ಬೇರೆ. ಅವರನ್ನು ಆ ಕ್ಷಣವೇ ಬ್ಲಾಕ್ ಮಾಡಿ. ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಮುಖವೇ ಕಾಣದ ಅಪರಿಚಿತರನ್ನು ತೆಗೆದರೂ ಯಾರಿಗೂ ನೋವಿಲ್ಲ.

ನಾನು ಹೇಳುವುದು ನಮ್ಮ ಮನೆಗೆ ಬಂದು ಉಂಡವರ ಬಗ್ಗೆ. ಅವರ ಮಾತು ಸಹಿಸಲು ಆಗದಿದ್ದರೆ ಹೇಳಿಬಿಡೋಣ. "ನಿನ್ನ ಈ ಮಾತು ನನಗೆ ನೋವು ಮಾಡಿತು" ಅಂತ ಒಂದು ಸಾಲು ಸಾಕು. ಜಗಳ ಆಗಬಹುದು, ಆಗಲಿ. ಸಾಲು ಕಳಿಸಿದ ಮೇಲೂ ತೆಗೆಯಬೇಕು ಅನಿಸಿದರೆ ತೆಗೆಯೋಣ, ಆದರೆ ಅವರಿಗೆ ಗೊತ್ತಿರಲಿ.

ಅತ್ತಿಗೆಗೆ ನಿನ್ನೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೇಸರವಾಗಿದೆ ಅಂತ ಗೊತ್ತಾಯಿತು. "ಆ ಟವೆಲ್ ನಿಮ್ಮ ಹತ್ತಿರವೇ ಉಳಿಯಿತಲ್ಲ, ಬರುವಾಗ ತನ್ನಿ" ಅಂದರು.

ಗೆಳೆಯನಿಗೆ ಮಧೂರಿನಿಂದ ಬಂದ ಮೇಲೂ ರಿಕ್ವೆಸ್ಟ್ ಕಳಿಸಿರಲಿಲ್ಲ. ಕಳಿಸಲು ಹೋಗಿ ಎಷ್ಟೋ ಸಲ ಬಿಟ್ಟಿದ್ದೇನೆ. ಮುಂದಿನ ತಿಂಗಳು ಮನೆಯಲ್ಲಿ ದುರ್ಗಾ ಪೂಜೆ. ಮೊನ್ನೆ ಅಪ್ಪನ ಪುಸ್ತಕ ಕೆಳಗಿಳಿಸಿ ನೋಡಿದೆ. ಒಂದು ಹೆಸರಿಗೂ ಗೀಟು ಎಳೆದಿಲ್ಲ. ತೀರಿಹೋದವರ ಹೆಸರಿನ ಕೆಳಗೆ ಮಕ್ಕಳ ಹೆಸರು ಬರೆದಿದ್ದಾರೆ. ಗೆಳೆಯನ ಅಪ್ಪನ ಹೆಸರಿನ ಕೆಳಗೆ ಇವನದು, ಪಕ್ಕದಲ್ಲಿ "ಮಂಗಳೂರು, ಹೋಗಿ ಹೇಳುವುದು" ಅಂತ ಅಪ್ಪನ ಅಕ್ಷರ.

ಭಾನುವಾರ ಬೆಳಗ್ಗೆ ಹೊರಡುತ್ತಿದ್ದೇನೆ. ತಲಪಾಡಿ ದಾಟಿದ ಕೂಡಲೇ ಫೋನ್ ಮಾಡು, ದಾರಿ ಹೇಳುತ್ತೇನೆ ಅಂದಿದ್ದಾನೆ.